ಬೋರಲು ಹಾಸಿದ ಕಲ್ಲು

ನನ್ನ ಅಕ್ಕ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಅದನ್ನು ನಾನು ಮಾಡಲಿಲ್ಲ. ಆಮೇಲೆ ನಡೆದದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಇಂಥ ಮಾತನ್ನು ನಾನು ಎಂದೂ ನಂಬಿದವನಲ್ಲ. ನೀವು ನಂಬಲೇಬೇಕೆಂದೂ ಹೇಳುವುದಿಲ್ಲ.

ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ ನಮ್ಮ ಊರು. ಅಲ್ಲಿ ಹೊಲ ಹೊಡೆಯುವಾಗ ಬೌದ್ಧರ ಕಾಲದ ಕೆತ್ತನೆಯ ಕಲ್ಲುಗಳು ಸಿಗುತ್ತಿದ್ದವು. ಹಿರಿಯರು ಅವನ್ನು ಮನೆಗೆ ತಂದು, ಕೆತ್ತಿದ ಮುಖಗಳ ಮೇಲೆ ಕಾಲು ಬೀಳಬಾರದೆಂದು ಬೋರಲು ಹಾಸುತ್ತಿದ್ದರು. ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೂ ಅಂಥದೇ. ಅಜ್ಜ ಹಾಸಿದ್ದು. ಅದರ ಕೆಳಗೇನಿದೆಯೆಂದು ಕಂಡವರು ಯಾರೂ ಉಳಿದಿರಲಿಲ್ಲ.

ಮಕ್ಕಳಾಗಲಿಲ್ಲವೆಂದು ಅಕ್ಕನನ್ನು ಗಂಡನ ಮನೆಯವರು ತಿರುಗಿ ಕಳಿಸಿದ್ದರು. ನಮ್ಮ ಪಡಸಾಲೆಯಲ್ಲಿ ಬಾಡಿಗೆಗಿದ್ದ ಮಾಸ್ತರರು ಶಹಾಬಾದಕ್ಕೆ ವರ್ಗವಾದಾಗ ಅವಳಿಗೊಂದು ಪುಸ್ತಕ ಕೊಟ್ಟುಹೋದರು. ಬೌದ್ಧರ ಶಿಲ್ಪಗಳ ಚಿತ್ರಗಳು, ಆ ಕಾಲದ ಜನ ಮನೆಯಲ್ಲಿ ಹೇಗೆ ಬಾಳುತ್ತಿದ್ದರೆಂಬ ವಿವರ ಅದರಲ್ಲಿದ್ದವು. ಅಕ್ಕನಿಗೆ ಓದು ಬಾರದು. ನಾನು ನಾಲ್ಕನೇ ಇಯತ್ತೆ ಕಲಿತವನು. ವಾಡಿಯ ಕಲ್ಲಿನ ಗಣಿಯಿಂದ ವಾರಕ್ಕೊಮ್ಮೆ ಮನೆಗೆ ಬಂದಾಗ ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳುತ್ತಿದ್ದೆ.

“ಆಗಿನ ಕಾಲಕ್ಕೂ ಗಡಿಗಿ ತೊಳಿಯೋರು ಹೆಂಗಸರೇ ಏನೋ ತಮ್ಮಾ?” ಎಂದು ಕೇಳಿ ನಗುತ್ತಿದ್ದಳು.

ಒಂದು ಚಿತ್ರ ಬಂದರೆ ಮಾತ್ರ ಮುಂದಕ್ಕೆ ಹೋಗಗೊಡುತ್ತಿರಲಿಲ್ಲ. ಮಂಚದ ಮೇಲೆ ಗಂಡ ಹೆಂಡತಿ; ಅವಳ ತೊಡೆಯ ಮೇಲಿನ ಕೂಸು ತಾಯಿಯ ಕಿವಿಯೋಲೆ ಹಿಡಿದು ಜಗ್ಗುತ್ತಿದೆ. “ಬಿಡೋ ಕೂಸಾ, ಕಿವಿ ಹರೀತದ,” ಎಂದು ಅದರ ಮೇಲೆ ಬೆರಳಿಟ್ಟು ಮಾತಾಡುತ್ತಿದ್ದಳು. ಒಮ್ಮೆ ಹಾಗೇ ಕೂತವಳು ಅಂದಳು: “ನಮ್ಮ ಒಗಿಯೋ ಕಲ್ಲಿನ ಕೆಳಗೂ ಇವರೇ ಅದಾರ. ಒಮ್ಮಿ ಎಬ್ಬಿಸಿ ತೋರ್ಸೋ, ಕಣ್ಣ ತುಂಬ ನೋಡ್ತೀನಿ.”

“ನಿನಗ್ಯಾರು ಹೇಳಿದ್ರಬೇ?”

“ಅರಬಿ ಒಗಿಯೋವಾಗ ಕೈಗೆ ಗೊತ್ತಾಗ್ತದ.”

ನಾನು ನಕ್ಕೆ. “ಆರು ದಿನ ಗಣ್ಯಾಗ ಕಲ್ಲು ಎಬ್ಬಿಸಿ ಬಂದೀನಿ. ಏಳನೇ ದಿನಾನೂ ಕಲ್ಲೇ ಏನು? ಮುಂದಿನ ವಾರ ನೋಡೋಣ.”

ಮುಂದಿನ ವಾರವೂ ಅದನ್ನೇ ಹೇಳಿದೆ. ಅದರ ಮುಂದಿನ ವಾರವೂ. ಕಡೆಗೆ ಅವಳು ಕೇಳುವುದನ್ನೇ ಬಿಟ್ಟಳು. ಆ ಮಳೆಗಾಲದಲ್ಲಿ ಜ್ವರ ಬಂದು, ನಾನು ಗಣಿಯಲ್ಲಿದ್ದಾಗಲೇ ತೀರಿಕೊಂಡಳು.

ಅವಳನ್ನು ಮಣ್ಣು ಮಾಡಿದ ಮೂರನೇ ದಿನ, ನಡುಮಧ್ಯಾಹ್ನ, ಹಾರೆ ಹಾಕಿ ಕಲ್ಲೆಬ್ಬಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ನೀರು ಸುರಿದು ಮಣ್ಣು ತೊಳೆದೆ. ಮಂಚ, ಗಂಡ, ಹೆಂಡತಿ, ಕಿವಿಯೋಲೆ ಜಗ್ಗುವ ಕೂಸು.

ಹೋಲಿಸಿ ನೋಡಲು ಪುಸ್ತಕ ತಂದೆ. ಆ ಚಿತ್ರ ಅದರಲ್ಲಿರಲಿಲ್ಲ.

ಮೊದಲಿನಿಂದ ಕಡೆಯವರೆಗೆ ಮೂರು ಸಲ ತಿರುವಿದೆ. ಹಾಳೆ ಹರಿದಿಲ್ಲ, ಪುಟದ ಅಂಕಿ ತಪ್ಪಿಲ್ಲ. ಒಂದು ಪುಟದ ನಡುವೆ ಅಕ್ಕನ ಅರಿಶಿನದ ಬೆರಳಿನ ಗುರುತು ಒತ್ತೊತ್ತಾಗಿ ಬಿದ್ದಿದೆ. ಆ ಪುಟದಲ್ಲಿರುವುದು ಬರೀ ಅಕ್ಷರ.

ಶಹಾಬಾದಕ್ಕೆ ಹೋಗಿ ಮಾಸ್ತರರನ್ನೇ ಕೇಳಿದೆ. “ಹತ್ತು ಸಲ ಓದೀನಪ್ಪ ನಾನು. ಅಂಥಾ ಚಿತ್ರ ಅದರಾಗ ಇಲ್ಲ,” ಎಂದರು. ಆದರೆ ನಾನು ಕಂಡಿದ್ದೆ. ಒಂದು ಸಲವಲ್ಲ, ಪ್ರತಿ ವಾರ ಕಂಡಿದ್ದೆ. ಇದಕ್ಕೆ ಏನು ಹೇಳಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಕಲ್ಲನ್ನು ಮತ್ತೆ ಬೋರಲು ಹಾಕಲು ಮನಸ್ಸಾಗದೆ ಹಿತ್ತಲ ಗೋಡೆಗೆ ಆನಿಸಿ ನಿಲ್ಲಿಸಿದೆ. ಬಹಳ ವರ್ಷ ಅದರ ಮುಂದೆ ತಲೆತಗ್ಗಿಸಿಯೇ ಓಡಾಡಿದೆ. ಮೊನ್ನೆ ಧೂಳು ಕೂತಿತ್ತೆಂದು ನೀರು ಹಾಕಿ ಒರೆಸುತ್ತಿದ್ದೆ. ಕೂಸಿನ ಕೈ ಬಳಿ ಬಂದಾಗ ನನ್ನ ಕೈ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಯಿಬಿಟ್ಟು ಗಟ್ಟಿಯಾಗಿಯೇ ಹೇಳಿದೆ:

“ಯಕ್ಕಾ, ಎರಡು ನಿಮಿಷದ ಕೆಲಸ ಇತ್ತು. ನಾ ಮಾಡಲಿಲ್ಲ. ತಪ್ಪಾತಬೇ.”