ಸ್ಲ್ಯಾಬಿನ ದಿನ ಉಟ್ಟ ಬಿಳಿ ಸೀರೆ

ನನ್ನನ್ನು ವೇದಿಕೆಗೆ ಕರೆಯುವವರೆಲ್ಲ ಒಂದೇ ಸುಳ್ಳನ್ನು ಹೇಳುತ್ತಾರೆ. "ಕಾಲೇಜು ಮುಗಿಸಿದ ಕೂಡಲೇ ಒಂದು ವರ್ಷವನ್ನು ಬಡ ಮಕ್ಕಳ ಶಿಕ್ಷಣಕ್ಕೆ ಮುಡಿಪಾಗಿಟ್ಟರು, ಅಂದು ಬಿತ್ತಿದ ಸೇವೆಯ ಬೀಜ ಇಂದು ಹೆಮ್ಮರವಾಗಿದೆ" ಎಂದು. ಬೀಜವಂತೆ, ಹೆಮ್ಮರವಂತೆ! ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಏನನ್ನೂ ಮುಡಿಪಾಗಿಟ್ಟಿರಲಿಲ್ಲ. ನನ್ನನ್ನು ಹಿಡಿದು ದಬ್ಬಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಮುಂಬಯಿಯ ಹತ್ತಿರ ಡೊಂಬಿವಲಿಯ ಒಂದು ಚಾಳಿನಲ್ಲಿ, ಸಾಲುಮನೆಗಳ ವಠಾರದಲ್ಲಿ, ಇದ್ದೆವು. ಪಪ್ಪ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮನೆಯಲ್ಲಿ ಕೊಂಕಣಿ, ಚಾಳಿನಲ್ಲಿ ಮರಾಠಿ. ಮಂಗಳೂರಿನ ಹತ್ತಿರ ಅಜ್ಜಿಯ ಜೊತೆಗಿದ್ದು ಏಳನೇ ಕ್ಲಾಸಿನವರೆಗೆ ಓದಿದ್ದರಿಂದ ನನಗೆ ಕನ್ನಡ ಬರುತ್ತಿತ್ತು, ಅದೇ ನನಗೆ ಮುಳುವಾಯಿತು. ಓದು ಮುಗಿಸಿದ ಹುಡುಗಿಯರನ್ನು ಒಂದು ವರ್ಷ ಸಂಬಳವಿಲ್ಲದೆ ಪಾಠ ಹೇಳಲು ಕಳಿಸುವ ಯೋಜನೆಯೊಂದನ್ನು ನಮ್ಮ ಚರ್ಚಿನ ಪಾದ್ರಿಗಳು ಆಗಷ್ಟೇ ಶುರು ಮಾಡಿದ್ದರು. ಹೊಸ ಮುಂಬಯಿಯ ಒಂದು ಕಾನ್ವೆಂಟಿನ ಹೆಡ್ ಸಿಸ್ಟರ್, ಕೋಪರಖೈರಣೆಯಲ್ಲಿ ಕಟ್ಟಡದ ಕೂಲಿಗಳ ಮಕ್ಕಳಿಗೆಂದು ತಗಡಿನ ಶೆಡ್ಡಿನಲ್ಲಿ ಒಂದು ತರಗತಿ ನಡೆಸುತ್ತಿದ್ದರು. ಮಕ್ಕಳೆಲ್ಲ ಗುಲ್ಬರ್ಗ, ರಾಯಚೂರು ಕಡೆಯವರು. ಸಿಸ್ಟರ್ ಗೋವಾದವರು, ಕನ್ನಡದ ಗಂಧವಿಲ್ಲ. ವರ್ಷ ಮುಗಿದರೆ ಕಾನ್ವೆಂಟಿನಲ್ಲಿ ಟೀಚರ್ ಕೆಲಸ ಪಕ್ಕಾ ಎಂದು ಪಾದ್ರಿಗಳು ಪಪ್ಪನಿಗೆ ಹೇಳಿದರು. ಪಪ್ಪ ಒಪ್ಪಿಬಿಟ್ಟರು. ನನ್ನನ್ನು ಕೇಳಲೂ ಇಲ್ಲ.

ದಿನಾ ಬೆಳಿಗ್ಗೆ ಲೋಕಲಿನಲ್ಲಿ ಠಾಣೆಗೆ ನಿಂತೇ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಕೆಮಿಕಲ್ ಕಾರ್ಖಾನೆಗಳ ನಾತಕ್ಕೆ ಮೂಗು ಮುಚ್ಚಿಕೊಂಡು ಆ ಶೆಡ್ಡಿಗೆ ಹೋಗಿ ಇಳಿಯುವುದು. ಸುತ್ತ ಅರ್ಧ ಎದ್ದು ನಿಂತ ಕಟ್ಟಡಗಳು, ಮರಳು, ಧೂಳು. ನನ್ನ ಕರಾವಳಿಯ ಕನ್ನಡ ಕೇಳಿ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ನಾನೂ ಅವುಗಳನ್ನು ಪ್ರೀತಿಸಲಿಲ್ಲ. ಪ್ರೀತಿಸಿದೆ ಎಂದು ಆಮೇಲೆ ಬರೆದುಕೊಂಡವರನ್ನು ನಾನು ನಂಬುವುದೂ ಇಲ್ಲ. ನನಗೆ ಬೇಕಾಗಿದ್ದದ್ದು ವರ್ಷ ಮುಗಿಯುವುದು, ಕೊನೆಗೆ ಸಿಗುವ ಸರ್ಟಿಫಿಕೇಟು.

ಆ ಮಕ್ಕಳಲ್ಲಿ ಒಬ್ಬಳು ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ. ಹತ್ತು ಹನ್ನೊಂದರ ಹುಡುಗಿ, ಗುಲ್ಬರ್ಗ ಕಡೆಯವಳು. ಮಗ್ಗಿ ಹೇಳಿಕೊಟ್ಟರೆ ಮಾರನೆಯ ದಿನ ಹಿಂದಿನಿಂದ ಮುಂದಕ್ಕೆ ಒಪ್ಪಿಸುತ್ತಿದ್ದಳು. ಪುಸ್ತಕ ಮುಗಿದರೆ "ಇನ್ನೊಂದು ಕೊಡ್ರಿ ಅಕ್ಕೋರ" ಎಂದು ಗೋಗರೆಯುತ್ತಿದ್ದಳು. ಅವರ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಸಿಸ್ಟರ್ ವರ್ಷಕ್ಕೆ ಒಂದು ಮಗುವನ್ನು ಆ ಶೆಡ್ಡಿನಿಂದ ಎತ್ತಿ ಕಾನ್ವೆಂಟಿನ ದೊಡ್ಡ ಶಾಲೆಗೆ, ಅಲ್ಲೇ ಇದ್ದು ಓದುವ ಹಾಸ್ಟೆಲಿಗೆ ಸೇರಿಸುತ್ತಿದ್ದರು. ಇರುವುದು ಒಂದೇ ಸೀಟು, ಅದಕ್ಕೊಂದು ಪರೀಕ್ಷೆ. ಆ ಸೀಟು ಅವಳದೇ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಅವ್ವ ಒಂದು ದಿನ ತಲೆಯ ಮೇಲಿನ ಇಟ್ಟಿಗೆ ಇಳಿಸಿ ನನ್ನ ಬಳಿ ಬಂದು ಕೇಳಿದ್ದಳು: "ಅಲ್ಲಿ ಸೇರಿದ್ರ ಊರಿಂದ ಊರಿಗಿ ನಮ್ಮ ಹಿಂದ ತಿರುಗೋದು ತಪ್ತದೇನ್ರಿ?" ತಪ್ಪುತ್ತದೆ ಎಂದಿದ್ದೆ.

ಪರೀಕ್ಷೆಯ ದಿನ ಗೊತ್ತು ಮಾಡಲು ನನಗೇ ಹೇಳಿದರು. ಕ್ಯಾಲೆಂಡರ್ ನೋಡಿ, ಮಾರ್ಚಿನಲ್ಲಿ ಬರುವ ಬಡಗಿ ಸಂತನ ಹಬ್ಬದ ದಿನ ಎಂದು ಬರೆದೆ. ದುಡಿಯುವವರನ್ನೆಲ್ಲ ಕಾಯುವ ಸಂತ ಅವನು. ಸಿಸ್ಟರಿಗೆ ಬಹಳ ಖುಷಿ. ದಾನಿಗಳೂ ಅವತ್ತೇ ಬರುವವರಿದ್ದರು. ದುಡಿಯುವವರಲ್ಲಿ ಒಬ್ಬರನ್ನಾದರೂ ಕೇಳಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ.

ಎರಡು ದಿನ ಮುಂಚೆ ಹುಡುಗಿ ಬಂದು ನಿಂತಳು. "ಅಕ್ಕೋರ, ಅವತ್ತು ಸ್ಲ್ಯಾಬ್ ಅದರಿ."

"ಸ್ಲ್ಯಾಬ್ ಆದ್ರೆ ನಿಂಗೆಂತ? ನೀನೆಂತ ಇಂಜಿನಿಯರಾ? ಸುಮ್ಮನೆ ಬಾ" ಎಂದೆ.

ಸ್ಲ್ಯಾಬಿನ ದಿನ ಎಂದರೆ ಏನೆಂದು ಒಂಬತ್ತು ತಿಂಗಳು ಆ ಮಕ್ಕಳ ನಡುವೆ ಕೂತಿದ್ದ ನನಗೆ ತಿಳಿದಿರಲಿಲ್ಲ. ಬೆಳಗಾಗುತ್ತಲೇ ಮಿಕ್ಸರಿನ ಮುಂದೆ ತೆಂಗಿನಕಾಯಿ ಒಡೆದರೆ ಮುಗಿಯಿತು, ಛಾವಣಿ ಪೂರಾ ತುಂಬುವವರೆಗೆ ಕಾಂಕ್ರೀಟು ಸುರಿಯುವುದನ್ನು ನಿಲ್ಲಿಸುವಂತಿಲ್ಲ. ಹೆಂಗಸರೆಲ್ಲ ನೆಲದಿಂದ ಮೇಲಿನವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುತ್ತಾರೆ. ಸಾಲಿನಲ್ಲಿ ಒಬ್ಬಳು ಸರಿದರೂ ಕೆಲಸ ನಿಂತುಹೋಗುತ್ತದೆ, ಕೂಲಿಗಳ ಮೇಸ್ತ್ರಿಯಾದ ಮುಕಾದಮ ಮಾರನೆಯ ದಿನ ಅವಳನ್ನು ಕೆಲಸಕ್ಕೆ ಸೇರಿಸುವುದಿಲ್ಲ. ಬೇರೆ ದಿನ ಮಗು ಅತ್ತರೆ ತಾಯಿ ಇಳಿದು ಬಂದು ಹಾಲು ಕೊಡಬಹುದು. ಸ್ಲ್ಯಾಬಿನ ದಿನ ಆಗದು. ಅವತ್ತು ಎಲ್ಲ ಕೂಸುಗಳೂ ಅಕ್ಕಂದಿರ ಸೊಂಟದ ಮೇಲೆ.

ಪರೀಕ್ಷೆಯ ದಿನ ನಾನು ಕಾನ್ವೆಂಟಿನ ಬಾಗಿಲಲ್ಲಿ ನಿಂತಿದ್ದೆ. ದಾನಿಗಳು ಬರುತ್ತಾರೆಂದು ಹೊಸ ಬಿಳಿ ಸೀರೆ ಉಟ್ಟಿದ್ದೆ, ಅಮ್ಮನ ಬೆನ್ನು ಬಿದ್ದು ತರಿಸಿಕೊಂಡದ್ದು. ಹುಡುಗಿ ಓಡುತ್ತಾ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಸೊಂಟದಲ್ಲಿ ಎಂಟು ತಿಂಗಳ ತಮ್ಮ, ಮೂಗಿನಿಂದ ಬಾಯಿಯವರೆಗೆ ಸಿಂಬಳ, ಕಾಲು ಪೂರಾ ಕೆಸರು.

"ಕೂಸನ್ನು ಒಳಗೆ ಬಿಡುವುದಿಲ್ಲ" ಎಂದೆ. ಅದು ಸಿಸ್ಟರ್ ಅವರ ನಿಯಮ, ನನ್ನದಲ್ಲ. ಇಷ್ಟು ಹೇಳಿಕೊಂಡು ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಎಷ್ಟೋ ಭಾಷಣಗಳಲ್ಲಿ ಇಲ್ಲಿಗೇ ನಿಲ್ಲಿಸಿದ್ದೇನೆ.

"ಒಂದು ತಾಸು ನೀವು ಹಿಡಕೋರಿ ಅಕ್ಕೋರ. ಅಳಂಗಿಲ್ಲರಿ ಇವ" ಎಂದು ಅವಳು ಕೂಸನ್ನು ನನ್ನ ಕಡೆ ಚಾಚಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಅಯ್ಯೋ, ನನ್ನ ಸೀರೆ ಹೊಲಸಾಗ್ತದೆ ಮಾರಾಯ್ತಿ! ಹೋಗು, ಅಮ್ಮನ ಹತ್ರ ಬಿಟ್ಟು ಬಾ."

ಹೋದಳು. ಮರಳಿ ಬರಲಿಲ್ಲ. ಅವಳ ಅವ್ವ ಮೂರನೆಯ ಮಹಡಿಯ ಸಾಲಿನಲ್ಲಿದ್ದಳು, ಯಾರ ಕೈಗೆ ಕೊಟ್ಟು ಬರಬೇಕು? ಸೀಟು ಕಾನ್ವೆಂಟಿನ ಬಸ್ ಡ್ರೈವರನ ಮಗನಿಗೆ ಹೋಯಿತು. ಅವನು ನಮ್ಮ ಶೆಡ್ಡಿಗೆ ಬಂದದ್ದು ಎರಡೇ ವಾರ.

ಮಾರನೆಯ ದಿನ ಅವಳ ಅವ್ವ ಶೆಡ್ಡಿಗೆ ಬಂದಳು. ಸಿಮೆಂಟು ತಿಂದು ಬೆರಳುಗಳೆಲ್ಲ ಒಡೆದಿದ್ದವು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ನಾನೂ ಬೈದು ಕೈತೊಳೆದುಕೊಳ್ಳುತ್ತಿದ್ದೆ. ಅವಳು ಮೆತ್ತಗೆ ಕೇಳಿದಳು: "ಒಂದು ತಾಸು ಹಿಡಕೊಂಡಿದ್ರ ನಿಮ್ಮ ಕೈ ಸವೀತಿದ್ದವೇನ್ರಿ ಅಕ್ಕೋರ?"

ಅವತ್ತು ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಕೆಟ್ಟ ಕೋಪ. ಅವಳ ಮೇಲೆ ಕೋಪ, ಸಿಸ್ಟರ್ ಅವರ ಮೇಲೆ ಕೋಪ, ಬಡಗಿ ಸಂತನ ಮೇಲೂ ಕೋಪ, ಎಲ್ಲಕ್ಕಿಂತ ಹೆಚ್ಚು ಆ ಸೀರೆಯ ಮೇಲೆ. ನೇರ ಸಿಸ್ಟರ್ ಅವರ ಕೋಣೆಗೆ ಹೋಗಿ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದೆ. "ರೂಲ್ ಅಂದ್ರೆ ರೂಲ್, ಮಗಳೇ" ಎಂದರು ನಗುತ್ತಾ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ಮನೆಗೆ ಬಂದು ಆ ಸೀರೆಯನ್ನು ನಾಲ್ಕು ತುಂಡು ಮಾಡಿದೆ. ಅಮ್ಮ ಬಾಯಿ ಬಡಿದುಕೊಂಡಳು. ಮಾರನೆಯ ದಿನ ಶೆಡ್ಡಿನ ತೊಲೆಗೆ ಆ ನಾಲ್ಕು ತುಂಡುಗಳನ್ನು ಜೋಲಿಗಳಾಗಿ ಕಟ್ಟಿದೆ, ದೊಡ್ಡ ಹುಡುಗಿಯರು ತಂದ ಕೂಸುಗಳನ್ನು ಅವುಗಳಲ್ಲಿ ಮಲಗಿಸಿ ಪಾಠ ಶುರು ಮಾಡಿದೆ. ಸಿಸ್ಟರ್ ಬಂದು ನೋಡಿ, ಇದು ಶಾಲೆಯೋ ದನದ ಕೊಟ್ಟಿಗೆಯೋ ಎಂದರು. ನಮ್ಮ ದೇವರು ಹುಟ್ಟಿದ್ದು ಎಲ್ಲಿ ಎಂದು ಕೇಳಿದೆ. ಶೆಡ್ಡು, ಸರ್ಟಿಫಿಕೇಟು, ಕಾನ್ವೆಂಟಿನ ಕೆಲಸ ಎಲ್ಲವೂ ನನಗೆ ಅಲ್ಲಿಗೆ ಮುಗಿದವು.

ಪಪ್ಪ ಮೂರು ತಿಂಗಳು ಮಾತು ಬಿಟ್ಟರು. ಮಾತು ಶುರುವಾದದ್ದೂ ಗಾದೆಯಿಂದಲೇ: "ಊರಿಗೆ ಉಪಕಾರಿ, ಮನೆಗೆ ಮಾರಿ."

ಆದರೆ ಉಪಕಾರ ಎಲ್ಲಿತ್ತು? ನಾನು ಮಾಡಿದ್ದು ಹಟದಿಂದ. ಕಟ್ಟಡ ಕಟ್ಟುವ ಒಂದು ಸೈಟಿನ ಮುಕಾದಮನೊಂದಿಗೆ ಜಗಳವಾಡಿ ತಗಡಿನ ಕೋಣೆ ಪಡೆದೆ. ಸ್ಲ್ಯಾಬು ಯಾವತ್ತು ಎಂದು ಮೊದಲು ಕೇಳಿ, ಆಮೇಲೆ ಉಳಿದದ್ದನ್ನು ಗೊತ್ತು ಮಾಡುವುದನ್ನು ಕಲಿತೆ. ಕೂಸು ಹಿಡಿಯಲು ಹೆಂಗಸರನ್ನು ಸೇರಿಸಿದೆ. ಒಂದು ಸೈಟು ಎರಡಾಯಿತು, ಕಲ್ಯಾಣಕ್ಕೆ ಹೋಯಿತು, ಬದಲಾಪುರದವರೆಗೂ ಹೋಯಿತು. ಒಂದು ಸಂಸ್ಥೆಯಾಯಿತು, ಅದಕ್ಕೊಂದು ಸಮಿತಿ ಬಂತು, ನಾನು ಅದರ ಮುಖ್ಯಸ್ಥೆ ಎನಿಸಿಕೊಂಡೆ. ಆ ಹುಡುಗಿ ಮಾತ್ರ ಅಷ್ಟರಲ್ಲಿ ಅವ್ವ ಅಪ್ಪನ ಜೊತೆ ಬೇರೆಲ್ಲಿಗೋ ಹೊರಟುಹೋಗಿದ್ದಳು. ಮತ್ತೆ ಶಾಲೆಯ ಮುಖ ನೋಡಲಿಲ್ಲ.

ಆರೇಳು ವರ್ಷದ ಮೇಲೆ ಅವಳೇ ಬಂದಳು, ಮಗ್ಗಿ ಮರೆತು, ಮದುವೆಯಾಗಿ, ಸೊಂಟದಲ್ಲಿ ತನ್ನದೇ ಕೂಸನ್ನು ಹೊತ್ತು. ನಮ್ಮ ಕಲ್ಯಾಣದ ಕೇಂದ್ರದಲ್ಲಿ ಆಯಾ ಕೆಲಸ ಕೊಟ್ಟೆ. ಹಳೆಯದನ್ನು ಅವಳು ಎತ್ತಲಿಲ್ಲ. ಮರೆತಿದ್ದಾಳೆ ಎಂದುಕೊಂಡು ನಾನು ನಿಶ್ಚಿಂತಳಾದೆ.

ಆ ವರ್ಷವೇ ಸಂಸ್ಥೆಯ ವಾರ್ಷಿಕೋತ್ಸವ ಠಾಣೆಯ ಒಂದು ಸಭಾಗೃಹದಲ್ಲಿ ನಡೆಯಿತು. ನಮಗೆ ದಾನ ಕೊಡುವ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಮಾಲೀಕರು ಮುಂದಿನ ಸಾಲಿನಲ್ಲಿ. ಆಯಾಗಳನ್ನೆಲ್ಲ ವೇದಿಕೆಗೆ ಕರೆದು ಸನ್ಮಾನಿಸುವುದು ಎಂದಿತ್ತು. ಸಭೆ ಶುರುವಾಗುವ ಮೊದಲು ಬಾಗಿಲ ಬಳಿ ಗದ್ದಲ ಕೇಳಿ ಹೊರಗೆ ಬಂದೆ. ಬಾಗಿಲು ಕಾಯುವವನು ಅವಳನ್ನು ತಡೆದಿದ್ದ. ಸೊಂಟದಲ್ಲಿ ಕೂಸು. ಗಂಡ ಕೆಲಸಕ್ಕೆ ಹೋಗಿದ್ದ, ಕೇಂದ್ರಕ್ಕೆ ಅವತ್ತು ನಾವೇ ರಜೆ ಕೊಟ್ಟಿದ್ದೆವು. ಬಾಗಿಲಿನವನು ಆಮಂತ್ರಣ ಪತ್ರಿಕೆ ಎತ್ತಿ ತೋರಿಸುತ್ತಿದ್ದ: ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ಹಿಂದಿನ ವರ್ಷ ಅತಿಥಿಗಳ ಭಾಷಣದ ನಡುವೆ ಕೂಸುಗಳು ಅತ್ತವೆಂದು ಆ ಸಾಲು ಸೇರಿಸಿದ್ದು ನಾನೇ.

ಅವನನ್ನು ಗದರಿಸಿ, ಎರಡೂ ಕೈ ಚಾಚಿ, "ಕೊಡು ಇಲ್ಲಿ, ನಾನು ಹಿಡಕೊಳ್ತೇನೆ. ನೀನು ಒಳಗೆ ಹೋಗು" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಸೀರೆಯನ್ನು ನೋಡಿದಳು. ಸಮಾರಂಭಕ್ಕೆಂದು ಉಟ್ಟ ರೇಷ್ಮೆ. ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಅಕ್ಕೋರ, ನಿಮ್ಮ ಸೀರಿ ಹೊಲಸಾಗ್ತದ" ಎಂದಳು. ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಾ ಹೊರಗ ಕುಂದರ್ತೀನಿ. ನನಗ ರೂಢಿ ಅದ."

ಒಳಗಿನಿಂದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಹೋದೆ.