ಸೆಂಟ್ರಿಂಗ್ ಬಿಚ್ಚದ ಮೇಸ್ತ್ರಿ

ಕಡೂರಿನ ಆ ಗಾರೆ ಮೇಸ್ತ್ರಿ, ಯಾರು ಆತುರಪಡಿಸಿದರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಕೆಳಗೆ ಕೂರೋರ್ಯಾರು ಹೇಳಿ?" ಕೇಳಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದ.

ಸಿಂಗಟಗೆರೆ ಕಡೆಯ ಒಂದು ಸ್ಕೂಲಿಗೆ ಅವನ ಕೈಲಿ ತಾರಸಿ ಹಾಕಿಸಿದ್ದೆವು. ನಾನು ಓವರ್‌ಸಿಯರ್. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆಂದು, ಎಂಟನೇ ದಿನಕ್ಕೇ ತಾರಸಿಗೆ ಆಸರೆಯಾಗಿದ್ದ ಹಲಗೆ-ಕಂಬಗಳ ಸೆಂಟ್ರಿಂಗ್ ಬಿಚ್ಚಲು ಇಂಜಿನಿಯರು ಹೇಳಿದರು.

"ಇಪ್ಪತ್ತೊಂದು ದಿನ ಆಗ್ಲಿ ಸ್ವಾಮಿ. ಕೆಳಗೆ ಕೂರೋರು ಮಕ್ಳು" ಎಂದವನೇ ಮೇಸ್ತ್ರಿ ಹೊಂಗೆ ಮರದಡಿ ಕೂತ.

ತರೀಕೆರೆಯ ಮೇಸ್ತ್ರಿಯನ್ನು ಜೀಪಿನಲ್ಲಿ ಕರೆಸಿದರು. ಒಬ್ಬ ಮೇಸ್ತ್ರಿ ಬೇಡವೆಂದ ಕೆಲಸವನ್ನು ಕಾರಣ ಕೇಳದೆ ಇನ್ನೊಬ್ಬ ಮುಟ್ಟುವುದಿಲ್ಲ. ಅದು ಅವರ ಕಟ್ಟುಪಾಡು.

"ಎಷ್ಟು ದಿನ ಆಯ್ತಣ್ಣ, ತಾರಸಿ ಹಾಕಿ?"

"ಎಂಟು ಕಣಪ್ಪ."

ತರೀಕೆರೆಯವನು ಪಕ್ಕದಲ್ಲೇ ಕೂತುಬಿಟ್ಟ. ಮಧ್ಯಾಹ್ನ ಅಜ್ಜಂಪುರದವನು ಬಂದ. ಅವನೂ ಅದನ್ನೇ ಕೇಳಿ ಕೂತ.

ಇಂಜಿನಿಯರು ನನ್ನ ಮೇಲೆ ಹರಿಹಾಯ್ದರು. "ಇವ್ರಿಗೆ ಲೀಡರ್ ಯಾರ್ರೀ? ಹೋಗ್ಲಿ, ಆಳುಗಳ್ನ ಕರ್ಕೊಂಡು ನೀವೇ ಬಿಚ್ಚಿಸ್ರೀ!"

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮರದ ಕಡೆ ನೋಡಿದೆ. ಕಡೂರಿನ ಮೇಸ್ತ್ರಿ ಕರೆಯಲಿಲ್ಲ, ಕೈ ಬೀಸಲಿಲ್ಲ. ಸ್ವಲ್ಪ ಸರಿದು, ಪಕ್ಕದ ನೆಲದ ಧೂಳನ್ನು ಟವೆಲಿನಿಂದ ಕೊಡವಿದ.

ಹೋಗಿ ಕೂತೆ.