ಎಡಗಡೆಯ ನಳಿಗೆ

ನಳಿಗೆ ಸಿಡಿದು ನನ್ನ ಎಡಗೈ ಹೋಗಬಹುದಿತ್ತು. ಕೋವಿ ಹಿಂದಕ್ಕೆ ಒದ್ದು ಭುಜದ ಕೀಲು ಕಳಚಬಹುದಿತ್ತು. ಎರಡು ನಳಿಗೆಯೂ ಒಟ್ಟಿಗೆ ಹತ್ತಿಕೊಂಡು ನಾನು ಹುರುಳಿ ಹೊಲದಲ್ಲಿ ಅಂಗಾತ ಬೀಳಬಹುದಿತ್ತು, ಅದೂ ಮಾವನವರ ಕಣ್ಣೆದುರಿಗೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪೊಲೀಸಿನವರು ಕೋವಿ ಸುತ್ತಿದ ಹಾಸಿಗೆ ಸುರುಳಿ ಬಿಚ್ಚಿಸಿ, ಲೈಸೆನ್ಸಿನ ನಂಬರಿನಲ್ಲಿ ಎಂಟು ಎಂದಿರುವ ಅಂಕಿ ಕೋವಿಯ ಮೇಲೆ ಮೂರರ ಹಾಗೆ ಕಾಣುತ್ತದಲ್ಲ ಎಂದು ಬೆಂಚಿನ ಮೇಲೆ ಕೂರಿಸಬಹುದಿತ್ತು. ಬೂದಿಕೋಟೆ ಬಸ್ಸಿನ ಇಂಜಿನ್ನಿನ ಕಾವಿಗೆ ತೋಟಾಗಳು ತಾವಾಗಿಯೇ ಹತ್ತಿಕೊಳ್ಳಬಹುದಿತ್ತು. ಕೌಜುಗದ ಹಕ್ಕಿಗೆಂದು ಹೊಡೆದದ್ದು ಯಾರದೋ ಎಮ್ಮೆಗೆ, ಎಮ್ಮೆ ತಪ್ಪಿದರೆ ನನ್ನ ಷಡ್ಡಕನಿಗೆ ತಗುಲಬಹುದಿತ್ತು. ಈ ಕೊನೆಯದು ನನ್ನನ್ನು ಎಮ್ಮೆಯಷ್ಟು ಕಾಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಈಗ ಐವತ್ತರ ಹತ್ತಿರ ಬಂದಿದ್ದೇನೆ. ಅಂದೂ ಇಂದೂ ನನ್ನ ಚಿಂತೆಗಳಲ್ಲಿ ಕೊರತೆಯಿಲ್ಲ. ಕಸುಬೂ ಅದಕ್ಕೆ ತಕ್ಕ ಹಾಗೇ ಇತ್ತು. ಊರಿಗಾಮಿನಲ್ಲಿ ಚಿನ್ನದ ಗಣಿಯ ಮದ್ದಿನ ಉಗ್ರಾಣಕ್ಕೆ ನಾನು ಗುಮಾಸ್ತ. ಮದ್ದು ಸಿಡಿಯುವುದು ಸಾವಿರಾರು ಅಡಿ ಕೆಳಗೆ, ನನಗೆ ಕೇಳಿಸುತ್ತಲೂ ಇರಲಿಲ್ಲ. ಆದರೆ ನನ್ನ ಮೇಜಿನೆದುರು ಗೋಡೆಗೆ ಒಂದು ಹಲಗೆ ತೂಗುಹಾಕಿತ್ತು: ಸಿಡಿಯದೆ ಉಳಿದ ಮದ್ದಿನ ಹತ್ತಿರ ಅರ್ಧ ಗಂಟೆ ಯಾರೂ ಸುಳಿಯಕೂಡದು. ಹದಿನೈದು ವರ್ಷ ದಿನವೂ ಅದನ್ನು ಓದಿದ್ದೇನೆ. ಮನೆಯಲ್ಲಿ ಸ್ಟೌ ಆರಿಹೋದರೂ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಇಂಥವನಿಗೆ ಕೋವಿ ಯಾಕೆ ಬೇಕಿತ್ತು? ಚೀಲದಿಂದ ಪಾರಾಗುವುದಕ್ಕೆ.

ನನ್ನ ಹೆಂಡತಿಯ ತವರು ಬೂದಿಕೋಟೆಯ ಪಕ್ಕದ ಹಳ್ಳಿ. ಹುರುಳಿ ಕಿತ್ತಾದ ಮೇಲೆ ಉದುರಿದ ಕಾಳಿಗೆ ಕೌಜುಗಗಳು ಹೊಲಕ್ಕೆ ಇಳಿಯುತ್ತವೆ. ಆಗ ಮಾವನವರು ಅಳಿಯಂದಿರಿಬ್ಬರನ್ನೂ ಕರೆಸಿ ಬೇಟೆಗೆ ಹೊರಡುತ್ತಿದ್ದರು. ಮಾವನ ಕೈಯಲ್ಲಿ ಬಾಯಿಂದ ಮದ್ದು ತುಂಬುವ ನಾಡಕೋವಿ. ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ಅವರ ಬಲಗಡೆಗೆ ತನ್ನ ಕೋವಿಯೊಂದಿಗೆ. ಕಿರಿಯ ಅಳಿಯನಾದ ನಾನು ಹಿಂದೆ, ಹಕ್ಕಿ ಹಾಕುವ ಚೀಲದೊಂದಿಗೆ. ಹೀಗೆ ಎಂಟು ವರ್ಷ.

ಒಂದು ಸಲ ನಾಚಿಕೆ ಬಿಟ್ಟು ಕೇಳಿಯೂ ಬಿಟ್ಟೆ. "ಮಾವಾ, ನಾನೂ ಒಂದು ಸಲ ಸಾಲಿನಲ್ಲಿ ನಿಲ್ಲಲೇ?"

"ಅದ್ಕೇನು ನಿಂತ್ಕಳ್ಳಿ ಅಳಿಯಂದ್ರೇ," ಅಂದರು ಮಾವ. "ಕೋವಿ ಎಲ್ಲೈತೆ? ಚೀಲ ತೋರ್ಸುದ್ರೆ ಕೌಜುಗ ಬೀಳಕಿಲ್ಲ."

ಷಡ್ಡಕ ನಗಲಿಲ್ಲ. ಕೆಮ್ಮಿದ. ಅದು ಇನ್ನೂ ಕೆಟ್ಟದ್ದು.

ಗಣಿ ಸರ್ಕಾರದ ಕೈಗೆ ಹೋಗುತ್ತಿದ್ದ ಕಾಲ ಅದು. ದೊರೆಗಳು ಒಬ್ಬೊಬ್ಬರಾಗಿ ಗಂಟು ಕಟ್ಟುತ್ತಿದ್ದರು. ಬಂಗಲೆಗಳ ವರಾಂಡದಲ್ಲಿ ಸೋಫಾ, ಪಿಂಗಾಣಿ, ಗ್ರಾಮಫೋನು, ಮೂಲೆಗೊಂದು ಕೋವಿ, ಎಲ್ಲ ಮಾರಾಟಕ್ಕೆ. ಹಳೆಯ ಜೋಡುನಳಿಗೆ ಕೋವಿಗಳು ಹೊಲಿಗೆ ಮಿಷನ್ನಿಗಿಂತ ಅಗ್ಗವಾಗಿ ಸಿಗುತ್ತಿದ್ದವು. ಆಗ ಕೌಜುಗ ಹೊಡೆಯುವುದು ತಪ್ಪೂ ಆಗಿರಲಿಲ್ಲ. ಕೋಲಾರಕ್ಕೆ ಅಲೆದು ಲೈಸೆನ್ಸು ಮಾಡಿಸಿಕೊಂಡು, ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ಅವನ ಮನೆಮಾತು ತಮಿಳು, ಕೈ ಮಾತ್ರ ಯಾವ ಭಾಷೆಯ ಕಬ್ಬಿಣಕ್ಕೂ ಒಗ್ಗುತ್ತಿತ್ತು.

ಅವನು ಕೋವಿ ನೋಡುವ ರೀತಿ ಸಂತೆಯಲ್ಲಿ ಎತ್ತಿನ ಬಾಯಿ ನೋಡುವ ಹಾಗೆ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ಇಣುಕಿದ. ದಾರಕ್ಕೆ ತೂಗುಬಿಟ್ಟು ಬೆರಳಲ್ಲಿ ತಟ್ಟಿದ. ಗಂಟೆಯ ಹಾಗೆ ನಾದ ಬಂದರೆ ಬೆಸುಗೆ ಗಟ್ಟಿ, ಮಡಕೆಯ ಹಾಗೆ ಬಂದರೆ ಬೇಡ. ನಾಲ್ಕು ಕೋವಿ ಮಡಕೆಯಾದವು. ಐದನೆಯದು ನಾದ ಕೊಟ್ಟಿತು. ಎಲ್ಲಕ್ಕಿಂತ ಅಗ್ಗದ್ದೂ ಅದೇ. ಅದು ನನಗೆ ತಕ್ಷಣ ಅನುಮಾನ ತಂದಿತು.

"ಯಾಕೆ ಅಗ್ಗ ಗೊತ್ತಾ ಸಾರ್?" ಅಂದ. "ಮುಂದುಗಡೆ ನಳಿಗೇನ ನಾಲ್ಕು ಬೆರಳುದ್ದ ಕೊಯ್ದವ್ರೆ. ಬಾಯಿಗೆ ಮಣ್ಣು ಮೆತ್ತಿದ್ದಾಗ ಹೊಡೆದು ಸೀಳಿರಬೇಕು. ಕೊಯ್ದ ಮೇಲೆ ಚೋಕ್ ಎಲ್ಲಿ ಉಳಿಯುತ್ತೆ?"

ಚೋಕ್ ಅಂದರೆ ನಳಿಗೆಯ ಬಾಯಿ ಕೊಂಚ ಕಿರಿದಾಗಿರುವುದು. ಅದು ತೋಟಾದೊಳಗಿನ ಸೀಸದ ಚರೆಯನ್ನೆಲ್ಲ ಒತ್ತಿ ಒಟ್ಟಾಗಿ ಕಳಿಸುತ್ತದೆ. ಅದಿಲ್ಲದಿದ್ದರೆ ಮೂವತ್ತು ಹೆಜ್ಜೆ ದಾಟುವುದರೊಳಗೆ ಚರೆ ರಾಗಿ ಚೆಲ್ಲಿದ ಹಾಗೆ ಹರಡಿ, ಹಕ್ಕಿ ಅದರ ನಡುವೆ ನುಸುಳಿ ಹೋಗುತ್ತದೆ. ಕೊಂಡ ಮೇಲೆ ಹಳೆಯ ಪಂಚೆಯೊಂದನ್ನು ಕಟ್ಟಿ ಹೊಡೆದು ನೋಡಿದೆವು. ಪಂಚೆಯ ನಟ್ಟನಡುವೆ ಒಂದು ಕೌಜುಗ ಆರಾಮವಾಗಿ ಸಂಸಾರ ಮಾಡುವಷ್ಟು ಜಾಗಕ್ಕೆ ಒಂದು ತೂತೂ ಬಿದ್ದಿರಲಿಲ್ಲ.

"ಈಗ ಬಾಯಿ ಕಿರಿದು ಮಾಡುವುದು ಹೇಗೆ?" ಅಂದೆ.

"ಕುತ್ತಿಗೆ ಸಣ್ಣ ಮಾಡೋಕೆ ಆಗಲ್ಲ ಸಾರ್. ಹೊಟ್ಟೆ ದೊಡ್ಡದು ಮಾಡಬಹುದು."

ಅವನ ಉಪಾಯ ಇಷ್ಟೆ. ಬಾಯಿಂದ ಎರಡು ಬೆರಳು ಬಿಟ್ಟು, ಒಳಗೆ ಅಂಗೈಯುದ್ದ ಜಾಗವನ್ನು ಕೂದಲೆಳೆಯಷ್ಟು ಉಜ್ಜಿ ಅಗಲ ಮಾಡುವುದು. ಆಗ ಮುಂದಿನ ಭಾಗ ತಾನಾಗಿಯೇ ಕಿರಿದಾಗುತ್ತದೆ, ಕುಡಿಕೆಯ ಕುತ್ತಿಗೆಯ ಹಾಗೆ. ಬಲಗಡೆಯದನ್ನು ಹಾಗೇ ಬಿಟ್ಟು ಎಡಗಡೆಯದಕ್ಕೆ ಮಾತ್ರ ಮಾಡುವುದು: ಹತ್ತಿರದ ಹಕ್ಕಿಗೆ ಬಲ, ದೂರದ್ದಕ್ಕೆ ಎಡ. ಸೀಳಿದ ಮರದ ಕೋಲಿಗೆ ಉಪ್ಪು ಕಾಗದ ಸುತ್ತಿ, ಎಣ್ಣೆ ಬಿಟ್ಟು, ಮೂರು ಭಾನುವಾರ ಉಜ್ಜಿದ. ನಾನು ಪಕ್ಕದಲ್ಲಿ ನಿಂತು, ಸಾಕಲ್ಲವೇ, ತೆಳ್ಳಗಾಯಿತಲ್ಲವೇ ಎಂದು ಕೇಳುತ್ತಲೇ ಇದ್ದೆ. "ಬಯಪ್ಪಡಾದೀಂಗ ಸಾರ್, ಭಯ ಬೇಡ," ಎಂದು ಅವನು ಕಡೆಗೆ ನನ್ನನ್ನು ಟೀ ತರಲು ಕಳಿಸಿದ.

ಪರೀಕ್ಷೆ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮರೆಯಲ್ಲಿ. ಕೋವಿಯನ್ನು ಹಳೆಯ ಲಾರಿ ಟೈರಿಗೆ ಬಿಗಿದು, ಟ್ರಿಗರಿಗೆ ದಾರ ಕಟ್ಟಿ, ನಾನು ದಿಬ್ಬದ ಈಚೆ ಕಿವಿ ಮುಚ್ಚಿ ಕುಳಿತೆ. ನಳಿಗೆ ಸಿಡಿಯಲಿಲ್ಲ. ಇನ್ನೊಂದು ಪಂಚೆಯ ಮೇಲೆ ಚರೆಯೆಲ್ಲ ಮೊರದಗಲಕ್ಕೆ ಒತ್ತಾಗಿ ಕೂತಿತ್ತು. "ಇನ್ನೆಷ್ಟು ಪಂಚೆ ತೂತಾಗಬೇಕು ಅಂತ ಹೇಳಿಬಿಡಿ," ಅಂದಳು ಮನೆಯಲ್ಲಿ ಹೆಂಡತಿ.

ಉಳಿದದ್ದು ಒಂದೇ ಭಯ. ಈ ಕೋವಿಯ ಮೇಲೆ ಕಿವಿಗಳ ಹಾಗೆ, ನಳಿಗೆಗೊಂದರಂತೆ ಎರಡು ಕುದುರೆಗಳು, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಗಳು. ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿದರೆ ಮಾತ್ರ ಅವು ಟ್ರಿಗರ್ ಒತ್ತಿದಾಗ ಬಡಿಯುತ್ತವೆ. ಎರಡನ್ನೂ ಎಬ್ಬಿಸಿಕೊಂಡು ಹೆಂಟೆ ತುಂಬಿದ ಹೊಲದಲ್ಲಿ ಎಡವುತ್ತ ನಡೆಯುವುದೆಂದರೆ? ಒಂದನ್ನೇ ಎಬ್ಬಿಸುವುದು, ಹೊಡೆದ ಮೇಲೆ ಇನ್ನೊಂದು ಎಂದು ತೀರ್ಮಾನಿಸಿದೆ.

ಬಂಗಾರಪೇಟೆಯಲ್ಲಿ ಪೊಲೀಸಿನವನು ನನ್ನ ಹಾಸಿಗೆ ಸುರುಳಿಗೆ ಒರಗಿ ಬೀಡಿ ಸೇದಿದ, ಅಷ್ಟೆ. ಬಸ್ಸಿನಲ್ಲಿ ತೋಟಾ ಹತ್ತಲಿಲ್ಲ. ಮಾವ ಕೋವಿಯನ್ನು ತಿರುಗಿಸಿ ನೋಡಿ, ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು, ತಮ್ಮ ಎಡಗಡೆಗೆ ಕೈ ತೋರಿಸಿದರು. ನಾನು ಹೋಗಿ ನಿಂತೆ. ಎಂಟು ವರ್ಷದ ಮೇಲೆ, ಬೇಟೆಯಲ್ಲಿ ಮಾವನವರ ಮುಖ ಪಕ್ಕದಿಂದ ಹೇಗಿರುತ್ತದೆ ಎಂದು ನೋಡಿದೆ.

ಬದುವಿನ ಕಳ್ಳಿ ಮರೆಯಿಂದ ಎರಡು ಕೌಜುಗ ಬುರ್ರೆಂದು ಎದ್ದವು. ಬಲದ ಟ್ರಿಗರ್ ಒತ್ತಿದೆ. ಹತ್ತಿರದ್ದು ಬಿತ್ತು. ಇನ್ನೊಂದು ದೂರ ಹಾರುತ್ತಿತ್ತು, ಎಡದ ನಳಿಗೆ ಕಾಯುತ್ತಿದ್ದ ದೂರ. ಗುರಿ ಹಿಡಿದು ಎಡದ ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

ಕಣ್ಣೆದುರು ಗೋಡೆಯ ಹಲಗೆ ಬಂದು ನಿಂತಿತು. "ಯಾರೂ ಅಲುಗಾಡಬೇಡಿ," ಎಂದು ಕೂಗಿ, ಕೋವಿಯ ಮೂತಿಯನ್ನು ನೆಲಕ್ಕೆ ಮಾಡಿ, ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿದೆ.

"ಆವಾ?" ಅಂದರು ಮಾವ, ಒಂದು ಕಾಲು ಎತ್ತಿಕೊಂಡೇ.

"ಹಾವಲ್ಲ ಮಾವಾ. ಮದ್ದು ಹತ್ತಿಲ್ಲ. ಅರ್ಧ ಗಂಟೆ ಹೀಗೇ ಇರಬೇಕು. ಗಣಿಯಲ್ಲಿ ರೂಲು. ಪಕ್ಕದಲ್ಲಿ ಇನ್ನೊಂದು ಮದ್ದೂ ಹಾರಿಸೋ ಹಾಗಿಲ್ಲ."

"ಅರ್ಧ ಗಂಟೇನಾ?" ಅಂದ ಷಡ್ಡಕ. "ಅದೇನು ಮುದ್ದೆಗೆ ಎಸರು ಇಟ್ಟಿದ್ದೀಯಾ?"

"ಸುಮ್ಕಿರಪ್ಪಾ," ಅಂದರು ಮಾವ. "ಗಣಿಯೋರ್ಗೆ ಗೊತ್ತಿರ್ತೈತೆ."

ಮೂವರೂ ಬೆದರುಬೊಂಬೆಗಳ ಹಾಗೆ ನಿಂತೆವು. ಹತ್ತು ನಿಮಿಷಕ್ಕೆ ನಾನು ಕಣ್ಣು ಬಿಟ್ಟಾಗ ಹೊಲ ನಮ್ಮನ್ನು ಮರೆತಿತ್ತು. ಕಳ್ಳಿ ಬುಡದಿಂದ ಐದು ಕೌಜುಗ ಸಾಲಾಗಿ ಹೊರಬಂದವು. ಕಾಳು ಹೆಕ್ಕುತ್ತ, ಮಾತಾಡಿಕೊಳ್ಳುತ್ತ, ಷಡ್ಡಕನ ಬೂಟಿನ ಮುಂದೆಯೇ ಹಾದುಹೋದವು. ಅವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಗಡಿಯಾರ ನೋಡಿ ಅರ್ಧ ಗಂಟೆ ಮುಗಿಸಿ, ಯಾವುದಕ್ಕೂ ಇರಲಿ ಎಂದು ಇನ್ನೈದು ನಿಮಿಷ ಸೇರಿಸಿದೆ.

ಆಮೇಲೆ ಮಾವ ಬಂದು ಕೋವಿಯ ಮೇಲೆ ಬಾಗಿದರು. ಬಾಗಿದ ಬೆನ್ನು ಸಣ್ಣಗೆ ಅಲುಗಾಡುತ್ತಿತ್ತು. ಅಭ್ಯಾಸಬಲದಿಂದ ನಾನು ಅವರ ಹೆಗಲಿನ ಚೀಲಕ್ಕೆ ಕೈ ಹಾಕಿದೆ. ಅವರು ಕೈ ಸರಿಸಿದರು.

"ಚೀಲ ಬುಡಿ ಅಳಿಯಂದ್ರೇ. ನನ್ನ ಎಡಕ್ಕೇ ನಡೀರಿ," ಅಂದರು. "ಮದ್ದಿಗೇನೂ ಆಗಿಲ್ಲ. ಎಡಗಡೆ ಕುದ್ರೇನ ನೀವು ಎಬ್ಸೇ ಇಲ್ಲ."